ಕಾಯುವ ಹಕ್ಕು ಯಾರದು?

ನಮ್ಮ ಸಿನಿಮಾ ಚರಿತ್ರೆಗಳಲ್ಲಿ ಬಾಲನಟರಿಗೆ ಸಿಗುವ ಜಾಗ ಬಹಳ ಕಡಿಮೆ. ಹುಡುಗ ಚೆನ್ನಾಗಿ ಮಾಡಿದ ಅನ್ನುವುದು ಒಂದು ಸಾಲು, ಆಮೇಲೆ ಕಾಣೆಯಾದ ಅನ್ನುವುದು ಇನ್ನೊಂದು ಸಾಲು. ಈ ಎರಡು ಸಾಲುಗಳ ನಡುವೆ ಏನು ನಡೆಯಿತು ಎಂದು ಕೇಳುವವರಿಲ್ಲ. ಕಾಣೆಯಾಗದೆ ಉಳಿದು, ಬೆಳೆದು, ನಾಯಕನಟನಾದ ಒಬ್ಬ ಸಿಕ್ಕಾಗ ಮಾತ್ರ ಅದಕ್ಕೊಂದು ವಿವರಣೆ ಬೇಕಾಗುತ್ತದೆ. ಆಗ ಎಲ್ಲರ ಬಾಯಲ್ಲೂ ಬರುವುದು ಒಂದೇ ಪದ: ಪ್ರತಿಭೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ‘ರಕ್ತದಲ್ಲೇ ಬಂದಿದೆ ಬಿಡಿ’ ಅಂತಾರೆ.

ದಲಿತರಿಗೆ ಈ ಎರಡೂ ಪದಗಳು ಹಳೆಯ ಪರಿಚಯ. 1990ರಲ್ಲಿ ಮಂಡಲ್ ವರದಿಯ ಜಾರಿ ಘೋಷಣೆಯಾದಾಗ ಬೀದಿಗಿಳಿದು ಕೂಗಾಡಿದ್ದು ಈ ‘ಪ್ರತಿಭೆ’ಯೇ. ಮೀಸಲಾತಿಯ ಮಾತೆತ್ತಿದಾಗಲೆಲ್ಲ ನಮ್ಮೆದುರು ಅಡ್ಡ ತಂದಿಡುವುದೂ ಇದನ್ನೇ. ರಕ್ತದ ಮಾತಂತೂ ವರ್ಣದ ಮಾತೇ ಹೊರತು ಬೇರೆಯಲ್ಲ. ಹೀಗಿರುವಾಗ ಕನ್ನಡಿಗರು ಅತ್ಯಂತ ಪ್ರೀತಿಸಿದ ಬಾಲನಟನೊಬ್ಬನ ವೃತ್ತಿಜೀವನವನ್ನು ಈ ಎರಡು ಪದಗಳ ನೆರವಿಲ್ಲದೆ ಓದಿದರೆ ಏನು ಕಾಣುತ್ತದೆ? ಇದು ಪುನೀತ್ ರಾಜ್‌ಕುಮಾರ್ ಅವರನ್ನು ಚಿಕ್ಕದು ಮಾಡುವ ಬರಹವಲ್ಲ. ಅವರ ಪ್ರತಿಭೆಯನ್ನು ನಾನು ಅನುಮಾನಿಸುತ್ತಿಲ್ಲ. ಪ್ರತಿಭೆ ಎನ್ನುವುದು ಯಾವ ನೆಲದಲ್ಲಿ ಬೇರು ಬಿಡುತ್ತದೆ, ಯಾವ ನೆಲದಲ್ಲಿ ಒಣಗುತ್ತದೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

1

ಪುನೀತ್ ಹುಟ್ಟಿದ್ದು 1975ರ ಮಾರ್ಚ್ 17ರಂದು, ಮದರಾಸಿನಲ್ಲಿ. 1976ರ ‘ಪ್ರೇಮದ ಕಾಣಿಕೆ’ಯಲ್ಲಿ ಅವರು ಇನ್ನೂ ಕೈಗೂಸು. ಮುಂದೆ ‘ಮಾಸ್ಟರ್ ಲೋಹಿತ್’ ಎಂಬ ಹೆಸರಿನಲ್ಲಿ ‘ವಸಂತ ಗೀತ’ (1980), ‘ಭಾಗ್ಯವಂತ’ (1981) ಚಿತ್ರಗಳಲ್ಲಿ ನಟಿಸಿದರು. ‘ಚಲಿಸುವ ಮೋಡಗಳು’ (1982) ಮತ್ತು ‘ಎರಡು ನಕ್ಷತ್ರಗಳು’ (1983) ಚಿತ್ರಗಳಿಗೆ ರಾಜ್ಯದ ಬಾಲನಟ ಪ್ರಶಸ್ತಿ ಬಂತು. 1983ರ ‘ಭಕ್ತ ಪ್ರಹ್ಲಾದ’ದಲ್ಲಿ ಅಪ್ಪ ಹಿರಣ್ಯಕಶಿಪು, ಮಗ ಪ್ರಹ್ಲಾದ. 1942ರಲ್ಲಿ ಇದೇ ಹೆಸರಿನ ಚಿತ್ರದಲ್ಲಿ ಆ ಅಪ್ಪ, ಆಗಿನ ಮುತ್ತುರಾಜ, ಹುಡುಗನಾಗಿ ಸಣ್ಣದೊಂದು ಪಾತ್ರ ಮಾಡಿದ್ದರು. ಸುಮಾರು ನಲವತ್ತು ವರ್ಷಗಳಲ್ಲಿ ಒಂದು ಮನೆತನ ಗುಂಪಿನ ಮೂಲೆಯಿಂದ ತೆರೆಯ ನಡುಮಧ್ಯಕ್ಕೆ ನಡೆದುಬಂದಿತ್ತು. ಈ ನಡಿಗೆಯ ಮಾತಿಗೆ ಆಮೇಲೆ ಬರುತ್ತೇನೆ.

1985ರಲ್ಲಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ‘ಬೆಟ್ಟದ ಹೂವು’ ಬಂತು. ಶರ್ಲಿ ಅರೋರಾ ಅವರ ಇಂಗ್ಲಿಷ್ ಕಾದಂಬರಿಯನ್ನು ಆಧರಿಸಿದ ಚಿತ್ರ ಇದು. ರಾಮು ಎಂಬ ಬಡ ಹುಡುಗ ಬೆಟ್ಟ ಹತ್ತಿ ಅಪರೂಪದ ಹೂಗಳನ್ನು ತಂದು ಮಾರುತ್ತಾನೆ. ಕಾಸಿಗೆ ಕಾಸು ಕೂಡಿಸಿ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಬೇಕೆಂಬುದು ಅವನ ಆಸೆ. ಕೊನೆಗೆ ಆ ದುಡ್ಡು ಪುಸ್ತಕಕ್ಕೆ ಹೋಗುವುದಿಲ್ಲ, ಮನೆಯವರ ಚಳಿಗೆ ಕಂಬಳಿಯಾಗುತ್ತದೆ. ಈ ಪಾತ್ರಕ್ಕಾಗಿ ಪುನೀತ್‌ಗೆ ರಾಷ್ಟ್ರಪ್ರಶಸ್ತಿ ಬಂತು. ಆಗ ಅವರಿಗೆ ಹತ್ತು ವರ್ಷ.

ಈ ಚಿತ್ರವನ್ನು ಕೇರಿಯ ಕಡೆಯಿಂದ ನೋಡಿದರೆ ಎರಡು ಸಂಗತಿ ಕಣ್ಣಿಗೆ ಬೀಳುತ್ತವೆ. ಒಂದು, ಹುಡುಗ ಕೇಳುವುದು ಅನ್ನವನ್ನಲ್ಲ, ಅಕ್ಷರವನ್ನು. ಅದೂ ‘ಶೂದ್ರ ತಪಸ್ವಿ’ಯನ್ನು ಬರೆದ ಕವಿಯ ರಾಮಾಯಣವನ್ನು. ಶಂಬೂಕನ ಕತೆಯನ್ನು ತಿರುಗಿಸಿ ಬರೆದದ್ದಕ್ಕೆ ಮಾಸ್ತಿಯವರಿಂದ ಆಕ್ಷೇಪ ಎದುರಿಸಿದ ಕವಿ ಅವರು. ಅಕ್ಷರ ಬೇಕೆಂದವನ ತಲೆ ಹೋದ ಕಾಲದಿಂದ, ಅಕ್ಷರ ಬೇಕೆಂದವನ ಕೈಗೆ ಕಂಬಳಿ ಬಂದ ಕಾಲದವರೆಗೆ ನಾವು ನಡೆದಿದ್ದೇವೆ ಎಂದಾಯಿತು. ಇನ್ನೊಂದು, ಈ ತ್ಯಾಗವನ್ನು ನಾವು ಕಣ್ಣೀರಿಟ್ಟು ಮೆಚ್ಚುತ್ತೇವೆ. ಬಡವರ ಮಗ ತನ್ನ ಓದನ್ನು ಬಿಟ್ಟು ಮನೆಯವರ ಮೈ ಬೆಚ್ಚಗಿಟ್ಟರೆ ಅದು ನಮಗೆ ‘ಸಂಸ್ಕಾರ’. ಅವನಿಗೆ ಪುಸ್ತಕವೂ ಕಂಬಳಿಯೂ ಒಟ್ಟಿಗೆ ಯಾಕೆ ಸಿಗಲಿಲ್ಲ ಎಂದು ಕೇಳಿದರೆ ಮಾತ್ರ ಅದು ರಾಜಕೀಯ. ನಮ್ಮ ಪ್ರೇಕ್ಷಕರು, ಪ್ರಶಸ್ತಿ ಸಮಿತಿಗಳು ಎರಡನೆಯದಕ್ಕೆ ಯಾವತ್ತೂ ಅಷ್ಟು ಸುಲಭಕ್ಕೆ ಅಳುವುದಿಲ್ಲ.

2

‘ಶಿವ ಮೆಚ್ಚಿದ ಕಣ್ಣಪ್ಪ’ (1988), ‘ಪರಶುರಾಮ್’ (1989) ಆದ ಮೇಲೆ ಪುನೀತ್ ತೆರೆಯಿಂದ ಮರೆಯಾದರು. ಬಾಲನಟನ ಬದುಕಿನಲ್ಲಿ ಎಲ್ಲಕ್ಕಿಂತ ಅಪಾಯದ ಕಾಲ ಇದು. ದನಿ ಒಡೆಯುತ್ತದೆ, ಮೀಸೆ ಮೂಡುತ್ತದೆ, ಮುದ್ದು ಮುಖ ಎಲ್ಲೋ ಹೋಗಿಬಿಡುತ್ತದೆ. ಮಗುವಿನ ಪಾತ್ರ ಕೊಡುವಂತಿಲ್ಲ, ನಾಯಕನ ಪಾತ್ರಕ್ಕೆ ವಯಸ್ಸು ಸಾಲದು. ಪುನೀತ್ ನಾಯಕನಾಗಿ ಬಂದದ್ದು 2002ರ ‘ಅಪ್ಪು’ವಿನಲ್ಲಿ. ನಿರ್ದೇಶಕ ಪುರಿ ಜಗನ್ನಾಥ್, ನಿರ್ಮಾಪಕಿ ತಾಯಿ ಪಾರ್ವತಮ್ಮ ರಾಜ್‌ಕುಮಾರ್. ಚಿತ್ರದಲ್ಲಿ ಅವರು ಹೆಡ್ ಕಾನ್ಸ್‌ಟೇಬಲ್ ಮಗ, ಪ್ರೀತಿಸುವುದು ಪೊಲೀಸ್ ಕಮಿಷನರ್ ಮಗಳನ್ನು. 1989ರಿಂದ 2002ಕ್ಕೆ ಹದಿಮೂರು ವರ್ಷ. ಈ ಹದಿಮೂರು ವರ್ಷವನ್ನು ನಾವು ‘ಬಿಡುವು’ ಎಂದು ಕರೆದು ಸುಮ್ಮನಾಗುತ್ತೇವೆ. ನನ್ನ ಪ್ರಕಾರ ಅವರ ವೃತ್ತಿಜೀವನದ ಅಡಿಪಾಯ ಇರುವುದು ಆ ಖಾಲಿ ವರ್ಷಗಳಲ್ಲೇ. ಹದಿಮೂರು ವರ್ಷ ಕಾಯಲು ಒಂದು ಮನೆ ಬೇಕು, ಆ ಮನೆಗೊಂದು ನಿರ್ಮಾಣ ಸಂಸ್ಥೆ ಬೇಕು, ವಾಪಸು ಬಂದಾಗ ನೆನಪಿಟ್ಟುಕೊಂಡಿರುವ ಜನ ಬೇಕು.

ಅದೇ ಕಾಲದಲ್ಲಿ ಇದೇ ಬೆಂಗಳೂರಿನಲ್ಲಿ ಹೆಚ್ಚುಕಡಿಮೆ ಪುನೀತ್ ಓರಗೆಯ ಇನ್ನಿಬ್ಬರು ಬಾಲನಟರಿದ್ದರು. ಒಬ್ಬರು ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ನ ಸ್ವಾಮಿ, ಮಾಸ್ಟರ್ ಮಂಜುನಾಥ್. ಆಗುಂಬೆಯಲ್ಲಿ ಚಿತ್ರೀಕರಣಗೊಂಡ ಆ ಧಾರಾವಾಹಿಯಿಂದ ಇಡೀ ದೇಶದ ಮನೆಮಾತಾದವರು. 1990ರ ‘ಅಗ್ನಿಪಥ್’ನಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯವನ್ನು ಮಾಡಿದವರೂ ಇವರೇ. ಮುಂದೆ ಅವರು ನಟನೆ ಬಿಟ್ಟು ಓದು ಮುಂದುವರಿಸಿದರು, ಸಾರ್ವಜನಿಕ ಸಂಪರ್ಕದ ವೃತ್ತಿ ಹಿಡಿದರು. ಬಿಟ್ಟುಹೋಗುವುದೂ ಒಂದು ಹಕ್ಕೇ. ಹೋಗಲಿಕ್ಕೆ ಇನ್ನೊಂದು ಜಾಗ ಇದ್ದವನು ಮಾತ್ರ ಬಿಟ್ಟುಹೋಗಬಲ್ಲ. ಆ ಜಾಗವನ್ನು ಕೊಟ್ಟದ್ದು ಶಾಲೆ, ಕಾಲೇಜು.

ಇನ್ನೊಬ್ಬರು ಶಫೀಕ್ ಸಯ್ಯದ್. ಬೆಂಗಳೂರಿನ ಬಡ ಹುಡುಗ, ಮನೆ ಬಿಟ್ಟು ಓಡಿ ಬೊಂಬಾಯಿ ಸೇರಿ ಚರ್ಚ್‌ಗೇಟ್ ಸ್ಟೇಷನ್ ಆಸುಪಾಸಿನಲ್ಲಿ ಬದುಕುತ್ತಿದ್ದವರು. ಮೀರಾ ನಾಯರ್ ‘ಸಲಾಂ ಬಾಂಬೆ’ಗೆ (1988) ಬೀದಿಮಕ್ಕಳನ್ನೇ ಆರಿಸಿ ತರಬೇತಿ ಕೊಟ್ಟಾಗ ಮುಖ್ಯ ಪಾತ್ರ ಸಿಕ್ಕಿದ್ದು ಈ ಹುಡುಗನಿಗೆ. ತರಬೇತಿಯ ದಿನಗಳಲ್ಲಿ ದಿನಕ್ಕೆ 20 ರೂಪಾಯಿ ಸಿಗುತ್ತಿತ್ತು ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಚಿತ್ರದಲ್ಲಿ ಅವರು ಕೃಷ್ಣ, 500 ರೂಪಾಯಿ ಕೂಡಿಸಿದರೆ ಮನೆಗೆ ಹೋಗಬಹುದು ಎಂದು ದುಡಿಯುವ ಹುಡುಗ. ರಾಮು ಪುಸ್ತಕಕ್ಕೆ ಕೂಡಿಸಿದ, ಕೃಷ್ಣ ಮನೆಗೆ ಕೂಡಿಸಿದ, ಇಬ್ಬರ ಗಂಟೂ ಕೈಬಿಟ್ಟಿತು. ಚಿತ್ರಕ್ಕೆ ಕಾನ್ ಉತ್ಸವದಲ್ಲಿ ಚೊಚ್ಚಲ ನಿರ್ದೇಶನದ ಪ್ರಶಸ್ತಿ ಬಂತು, ಆಸ್ಕರ್‌ಗೆ ನಾಮಕರಣವಾಯಿತು. ಶಫೀಕ್‌ಗೂ ರಾಷ್ಟ್ರಪ್ರಶಸ್ತಿ ಬಂತು. ಮೂರು ವರ್ಷದ ಹಿಂದೆ ಪುನೀತ್‌ಗೆ ಬಂದದ್ದೇ ಪ್ರಶಸ್ತಿ.

ಆಮೇಲೆ? ಗೌತಮ್ ಘೋಷ್ ಅವರ ‘ಪತಂಗ್’ನಲ್ಲೊಂದು ಪಾತ್ರ. ಅದಾದ ಮೇಲೆ ಅವಕಾಶಕ್ಕಾಗಿ ಅಲೆದಾಟ. 1990ರ ದಶಕದಲ್ಲಿ ಅವರು ಬೆಂಗಳೂರಿಗೆ ವಾಪಸಾಗಿ ಆಟೊ ಓಡಿಸಿ ಸಂಸಾರ ಸಾಕಿದರು. ಕಿರುತೆರೆಯ ಘಟಕಗಳಲ್ಲಿ ತೆರೆಯ ಹಿಂದೆ ದುಡಿದರು. ಆಟೊ ಓಡಿಸುವುದು ಕೀಳು ಎಂದು ನಾನು ಹೇಳುತ್ತಿಲ್ಲ, ದುಡಿಮೆಯನ್ನು ಕೀಳೆನ್ನುವುದು ನಮ್ಮ ಭಾಷೆಯಲ್ಲ. ಹೇಳುತ್ತಿರುವುದು ಇಷ್ಟೇ: ಒಂದೇ ಊರು, ಒಂದೇ ಪ್ರಶಸ್ತಿ, ಒಂದೇ ವಯಸ್ಸು. ಪ್ರಶಸ್ತಿ ಸಮಿತಿಯ ತಕ್ಕಡಿಯಲ್ಲಿ ಇಬ್ಬರೂ ಸಮ ತೂಗಿದ್ದರು. ಹಾಗಾದರೆ ಒಬ್ಬರ ನಟನೆ ಮುಂದುವರಿದು ಇನ್ನೊಬ್ಬರದು ನಿಂತದ್ದಕ್ಕೆ ‘ಪ್ರತಿಭೆ’ ಉತ್ತರವಾಗುವುದಾದರೂ ಹೇಗೆ? ಶಫೀಕ್‌ಗೆ ಹದಿಮೂರು ವರ್ಷ ಇರಲಿ, ಹದಿಮೂರು ದಿನ ಕಾಯುವಷ್ಟು ಗಂಟೂ ಇರಲಿಲ್ಲ. ಹೊಟ್ಟೆ ಕಾಯುವುದಿಲ್ಲ.

3

ಇಷ್ಟಕ್ಕೆ ನಿಲ್ಲಿಸಿದರೆ ಲೆಕ್ಕ ಸುಲಭವಾಗುತ್ತದೆ: ಒಬ್ಬ ಉಳ್ಳವರ ಮಗ, ಒಬ್ಬ ಇಲ್ಲದವರ ಮಗ. ಆದರೆ ಉಳ್ಳವರ ಆ ಮನೆ ತಲೆಮಾರುಗಳಿಂದ ಬಂದ ಜಹಗೀರಲ್ಲ. ರಾಜ್‌ಕುಮಾರ್ ಹೆಂಡ ಇಳಿಸುವುದನ್ನು ಕುಲಕಸುಬೆಂದು ಹೊತ್ತುಕೊಂಡಿದ್ದ ಈಡಿಗ ಸಮುದಾಯದವರು. ಪ್ರಾಥಮಿಕ ಶಾಲೆಯನ್ನೂ ಮುಗಿಸದೆ, ರಂಗನಟರಾಗಿದ್ದ ತಂದೆ ಪುಟ್ಟಸ್ವಾಮಯ್ಯನವರ ಬೆನ್ನು ಹಿಡಿದು ಗುಬ್ಬಿ ಕಂಪನಿ ಸೇರಿದವರು. ಅಂದರೆ ಅವರೂ ಬಾಲನಟರೇ. 1954ರ ‘ಬೇಡರ ಕಣ್ಣಪ್ಪ’ದಲ್ಲಿ ನಾಯಕನಾಗುವವರೆಗೆ ಅವರೂ ಕಾದರು. ಆ ಕಾಯುವಿಕೆ ಮನೆಯಲ್ಲಿ ಕೂತದ್ದಲ್ಲ, ಕಂಪನಿಯ ಊಟ, ಸಣ್ಣ ಸಂಬಳ, ಸಿಕ್ಕಿದ ಪಾತ್ರದ ಮೇಲೆ ನಡೆದದ್ದು. ಗಮನಿಸಬೇಕಾದ್ದು, ಅವರಿಗೆ ಕಾಯಲು ಒಂದು ಸಂಸ್ಥೆ ಇತ್ತು. ನಾಟಕ ಕಂಪನಿ ಅನಕ್ಷರಸ್ಥ ಶೂದ್ರ ಹುಡುಗನಿಗೆ ಶಾಲೆಯಾಯಿತು, ಮನೆಯಾಯಿತು. 1970ರ ದಶಕದಲ್ಲಿ ಪಾರ್ವತಮ್ಮ ಚಿತ್ರನಿರ್ಮಾಣಕ್ಕಿಳಿದು ಆ ದುಡಿಮೆಯನ್ನು ಮನೆಯ ಬಂಡವಾಳವನ್ನಾಗಿ ಮಾಡಿದರು. ಒಂದೇ ತಲೆಮಾರಿನಲ್ಲಿ, ಒಬ್ಬ ಹೆಣ್ಣುಮಗಳ ಲೆಕ್ಕಾಚಾರದಿಂದ, ಕಾಯುವ ಹಕ್ಕು ಆ ಮನೆಗೆ ದಕ್ಕಿತು.

ಇದನ್ನು ಸಣ್ಣ ಸಾಧನೆ ಅನ್ನಲಾಗದು. ‘ರಕ್ತ’ದ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ. ಬಂದದ್ದು ರಕ್ತದಿಂದಲ್ಲ, ಕಟ್ಟಿದ್ದರಿಂದ. ಆದರೆ ಆ ಕಂಪನಿಯ ಏಣಿಯ ಬುಡಕ್ಕಾದರೂ ಕೇರಿಯ ಮಕ್ಕಳು ಎಷ್ಟು ಜನ ಬರಲು ಸಾಧ್ಯವಿತ್ತು? ಒಂದೇ ಬಿಡಾರದಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಉಣ್ಣಬೇಕಾದ ಕಸುಬು ಅದು. ಊರ ಜಾತ್ರೆಯಲ್ಲಿ ಅಪ್ಪನ ಪಕ್ಕ ನಿಂತು ತಮಟೆ ಬಡಿಯುವ ಎಂಟು ವರ್ಷದ ಹುಡುಗನನ್ನು ಯಾರೂ ‘ಬಾಲ ಕಲಾವಿದ’ ಅನ್ನುವುದಿಲ್ಲ. ಅವನ ಹೆಸರಿನ ಮುಂದೆ ‘ಮಾಸ್ಟರ್’ ಹಾಕುವುದಿಲ್ಲ. ಅದು ಅವನ ಜಾತಿ ಮಾಡಬೇಕಾದ ಚಾಕರಿ. ಅವನೂ ಬಾಲ್ಯದಿಂದ ಮುಪ್ಪಿನವರೆಗೆ ‘ಮುಂದುವರಿಯುತ್ತಾನೆ’. ಆದರೆ ಆ ಮುಂದುವರಿಕೆಗೆ ವೃತ್ತಿಜೀವನ ಎಂಬ ಹೆಸರಿಲ್ಲ, ಬಿಡುವ ಸ್ವಾತಂತ್ರ್ಯವಂತೂ ಇಲ್ಲವೇ ಇಲ್ಲ. ಒಲ್ಲೆ ಎಂದವನಿಗೆ ಬಹಿಷ್ಕಾರ ಬಿದ್ದ ಊರುಗಳು ಈ ನಾಡಿನಲ್ಲಿವೆ.

ಅಂಥ ಹುಡುಗನೊಬ್ಬ ತೆರೆಗೆ ಬಂದದ್ದು ಮರಾಠಿಯಲ್ಲಿ. ನಾಗರಾಜ್ ಮಂಜುಳೆ ‘ಫಂಡ್ರಿ’ಗೆ (2013) ಆರಿಸಿದ ಸೋಮನಾಥ ಅವಘಡೆ ಊರಿನಲ್ಲಿ ಹಲಗೆ ಬಾರಿಸುತ್ತಿದ್ದ ಹುಡುಗ. ಅವನಿಗೂ ರಾಷ್ಟ್ರಪ್ರಶಸ್ತಿ ಬಂತು. ‘ಬೆಟ್ಟದ ಹೂವು’ ತನ್ನ ಹುಡುಗನನ್ನು ಬಡವ ಎಂದು ಪರಿಚಯಿಸಿದರೆ, ‘ಫಂಡ್ರಿ’ ಜಾತಿಯ ಹೆಸರು ಹಿಡಿದೇ ಮಾತಾಡುತ್ತದೆ. ಅದರ ಕೊನೆಯಲ್ಲಿ ಹುಡುಗ ತ್ಯಾಗ ಮಾಡುವುದಿಲ್ಲ, ಕಲ್ಲು ಬೀರುತ್ತಾನೆ, ಅದು ನೇರ ನೋಡುವವರ ಮುಖಕ್ಕೇ ಬರುತ್ತದೆ.

4

ಈಗ ಕಾನೂನಿನ ಕಡೆ ಬರೋಣ. 1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾಯಿತು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಪೂರ್ತಿ ನಿಷೇಧಿಸಿ, ಎರಡು ವಿನಾಯಿತಿ ಕೊಟ್ಟರು. ಒಂದು, ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ ಮನೆಯ ಕಸುಬಿಗೆ ನೆರವಾಗಬಹುದು. ಇನ್ನೊಂದು, ಸಿನಿಮಾ, ಧಾರಾವಾಹಿ, ಜಾಹೀರಾತುಗಳಲ್ಲಿ ಕಲಾವಿದರಾಗಬಹುದು. ಎರಡನೆಯದಕ್ಕೆ 2017ರ ನಿಯಮಗಳಲ್ಲಿ ಒಂದಿಷ್ಟು ಬೇಲಿ ಹಾಕಿದರು: ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ಮಗುವಿನ ಸಂಪಾದನೆಯಲ್ಲಿ ಕನಿಷ್ಠ ಶೇ. 20ನ್ನು ಅದರ ಹೆಸರಿನಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಶೇ. 20ರ ಈ ಠೇವಣಿ ನನ್ನ ದೃಷ್ಟಿಯಲ್ಲಿ ಕಾಯುವ ಹಕ್ಕಿಗೆ ಸರ್ಕಾರ ಕೊಟ್ಟ ಮೊದಲ ಸಣ್ಣ ಮನ್ನಣೆ. ಶಫೀಕ್ ಕಾಲದಲ್ಲಿ ಇದು ಇರಲಿಲ್ಲ.

ಮೊದಲ ವಿನಾಯಿತಿಯನ್ನು ಮಾತ್ರ ಹುಷಾರಾಗಿ ಓದಬೇಕು. ‘ಮನೆಯ ಕಸುಬು’ ಎಂದರೆ ನಮ್ಮ ದೇಶದಲ್ಲಿ ಅರ್ಥವೇನು? ನಟನ ಮನೆಯಲ್ಲಿ ಅದು ನಟನೆ. ಚಮ್ಮಾರನ ಮನೆಯಲ್ಲಿ ಚರ್ಮ, ತೋಟಿಯ ಮನೆಯಲ್ಲಿ ಕಸ. ಒಬ್ಬನಿಗೆ ಪರಂಪರೆಯಾಗುವ ಪದವೇ ಇನ್ನೊಬ್ಬನಿಗೆ ಸಂಕೋಲೆಯಾಗುತ್ತದೆ. ಜಾತಿಯ ಹೆಸರು ಹೇಳದೆಯೇ ಜಾತಿಯನ್ನು ಮುಂದುವರಿಸುವ ಭಾಷೆ ಇದು.

5

‘ಅಪ್ಪು’ ಆದ ಮೇಲಿನ ಪುನೀತ್ ಅವರ ಇಪ್ಪತ್ತು ವರ್ಷದ ಕತೆ ಎಲ್ಲರಿಗೂ ಗೊತ್ತು. ಬಳ್ಳಾರಿಯ ಗಣಿಗಾರಿಕೆಯ ಹಿನ್ನೆಲೆಯ ‘ಪೃಥ್ವಿ’ (2010), ವೃದ್ಧಾಶ್ರಮದ ಕತೆ ಹೇಳಿದ ‘ರಾಜಕುಮಾರ’ (2017). ತಮ್ಮದೇ ಸಂಸ್ಥೆ ಕಟ್ಟಿ ‘ಕವಲುದಾರಿ’ಯಂಥ (2019) ಚಿತ್ರಗಳಿಗೆ ಅವರು ಬೆನ್ನಾಗಿ ನಿಂತರು. ತನಗೆ ಸಿಕ್ಕ ಸಮಯವನ್ನು ಬೇರೆಯವರಿಗೂ ಹಂಚುವ ಕೆಲಸ ಅದು. 2021ರ ಅಕ್ಟೋಬರ್ 29ರಂದು, 46ರ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಕಂಠೀರವ ಕ್ರೀಡಾಂಗಣದ ಮುಂದೆ ಸಾಲು ನಿಂತವರಲ್ಲಿ ಆಟೊದವರು, ಕೂಲಿಯವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದ್ದರು. 2022ರ ನವೆಂಬರ್ 1ರಂದು ಮರಣೋತ್ತರ ‘ಕರ್ನಾಟಕ ರತ್ನ’ ಬಂತು. ಬೆಂಗಳೂರಿನ ಆಟೊಗಳ ಬೆನ್ನ ಮೇಲೆ ಆ ಮುಖ ನಗುತ್ತಿದೆ. ಬಡವರು ಅವರನ್ನು ಪ್ರೀತಿಸಿದ್ದು ಮೋಸಹೋಗಿ ಅಲ್ಲ. ತಮ್ಮಂಥದ್ದೇ ಒಂದು ಮನೆ ಮೇಲೆದ್ದು ನಿಂತದ್ದನ್ನು ಅವರು ಆ ಮುಖದಲ್ಲಿ ಕಂಡಿದ್ದಾರೆ. ಈ ಪ್ರೀತಿಯನ್ನು ಗೇಲಿ ಮಾಡುವ ವಿಮರ್ಶೆ ನಮಗೆ ಬೇಡ.

ಬೇಕಾದ್ದು ಆ ಪ್ರೀತಿಯ ಜೊತೆಗೇ ಒಂದು ಪ್ರಶ್ನೆ. ಆಟೊದ ಹಿಂದಿನ ಚಿತ್ರದ ಕತೆ ನಮಗೆ ಬಾಯಿಪಾಠ, ಆಟೊದ ಮುಂದೆ ಕೂತವನ ಕತೆ ಮಾತ್ರ ಯಾಕೆ ಗೊತ್ತಿಲ್ಲ? ತೆರೆಯ ಮೇಲೆ ದಲಿತರನ್ನು ಹೇಗೆ ತೋರಿಸಿದರು ಎಂಬುದನ್ನು ನಮ್ಮ ವಿಮರ್ಶೆ ಬಹಳ ಕಾಲದಿಂದ ಕೇಳುತ್ತಾ ಬಂದಿದೆ, ಕೇಳಲೇಬೇಕು. ಅದರ ಜೊತೆಗೆ ಎರಡು ಪಾತ್ರಗಳ ನಡುವಿನ ಖಾಲಿ ವರ್ಷಗಳಲ್ಲಿ ಕಲಾವಿದನಿಗೆ ಅನ್ನ ಹಾಕಿದವರು ಯಾರು, ಹಾಕದವರು ಯಾರು ಎಂದೂ ಕೇಳಬೇಕು. ಪ್ರಶಸ್ತಿ ಕೊಟ್ಟ ಸರ್ಕಾರ ಆ ಮಗುವನ್ನು ಶಾಲೆಗೆ ಕಳಿಸಿತೇ, ಶೇ. 20ರ ಠೇವಣಿ ನಿಜಕ್ಕೂ ಬ್ಯಾಂಕು ಸೇರುತ್ತಿದೆಯೇ, ತಮಟೆಯ ಹುಡುಗನಿಗೆ ಬಡಿಯುವ ಹಕ್ಕಿನಷ್ಟೇ ಕೆಳಗಿಡುವ ಹಕ್ಕೂ ಇದೆಯೇ? ಸಂಘಟನೆಗಳು ತಾಲ್ಲೂಕು ಮಟ್ಟದಲ್ಲೇ ಹಿಡಿದು ಕೇಳಬಹುದಾದ ಪ್ರಶ್ನೆಗಳಿವು. ಇವಕ್ಕೆ ಉತ್ತರ ಸಿಕ್ಕ ಮೇಲೆ ಪ್ರತಿಭೆಯ ಮಾತು ಆಡೋಣ.