ಔಷಧ ವಿನ್ಯಾಸದಲ್ಲಿ ಅಣುಚಲನೆಯ ಲೆಕ್ಕ

ಪ್ರೋಟೀನಿನ ಪರಮಾಣುಗಳ ಚಲನೆಯನ್ನು ನ್ಯೂಟನ್ನನ ನಿಯಮಗಳ ಆಧಾರದಿಂದ ಗಣಕಯಂತ್ರದಲ್ಲಿ ಲೆಕ್ಕಹಾಕುವ ವಿಧಾನವೇ ಮಾಲಿಕ್ಯುಲರ್ ಡೈನಾಮಿಕ್ಸ್. ಕ್ಷ-ಕಿರಣಗಳಿಂದ ದೊರೆಯುವ ಪ್ರೋಟೀನಿನ ರಚನೆ ಸ್ಥಿರಚಿತ್ರವಷ್ಟೆ. ಬೇಸಿಗೆಯಲ್ಲಿ ತೆಗೆದ ಛಾಯಾಚಿತ್ರ ನೋಡಿ ಚಿಕ್ಕಪಡಸಲಗಿ ಬ್ಯಾರೇಜಿನ ಬಳಿ ಕೃಷ್ಣೆಯ ಮಳೆಗಾಲದ ಹರಿವನ್ನು ಅರಿಯಲಾದೀತೆ? ಔಷಧದ ಅಣು ಸೇರಬೇಕಾದ ಸಂದು ಕೆಲವೊಮ್ಮೆ ಅರೆಕ್ಷಣ ತೆರೆದು ಮುಚ್ಚಿಕೊಳ್ಳುತ್ತದೆ. ಸ್ಥಿರಚಿತ್ರದಲ್ಲಿ ಅದು ಕಾಣದು.

ಪ್ರೋಟೀನಿನ ಸರಪಳಿ ಯಾವ ಕೋನಗಳಲ್ಲಿ ತಿರುಗಬಲ್ಲದೆಂಬ ನಕ್ಷೆಯನ್ನು 1963ರಲ್ಲಿ ಮದರಾಸಿನಲ್ಲಿ ಸಹೋದ್ಯೋಗಿಗಳೊಡನೆ ಪ್ರಕಟಿಸಿದ ಜಿ.ಎನ್. ರಾಮಚಂದ್ರನ್, ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನ ವಿಭಾಗವನ್ನು ಕಟ್ಟಿದರು. ಗಣಕ ರೂಪಿಸಿದ ರಚನೆಗೆ ಇಂದಿಗೂ ಆ ನಕ್ಷೆಯೇ ಒರೆಗಲ್ಲು. ಪ್ರೋಟೀನಿನ ಚಲನೆಯ ಮೊದಲ ಲೆಕ್ಕ ಪ್ರಕಟವಾದದ್ದು 1977ರಲ್ಲಿ. 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನು. ಕಂಡದ್ದು ಸುಮಾರು 9 ಪಿಕೋಸೆಕೆಂಡುಗಳ ಚಲನೆ. ಆ ತಂಡದ ಮಾರ್ಟಿನ್ ಕಾರ್ಪ್ಲಸ್ 2013ರ ರಸಾಯನವಿಜ್ಞಾನ ನೊಬೆಲ್ ಹಂಚಿಕೊಂಡರು.

ಲೆಕ್ಕದ ಹೊರೆ ಅಪಾರ. ಒಂದು ಹೆಜ್ಜೆಗೆ 2 ಫೆಮ್ಟೋಸೆಕೆಂಡು ಎಂದರೆ, ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲನ್ನು ಕಾಣಲು 50 ಕೋಟಿ ಹೆಜ್ಜೆ ಬೇಕು. ಇಂಥ ಕೆಲಸಗಳೂ ಸೇರಿದಂತೆ ಹಲವು ಸಂಶೋಧನೆಗಳಿಗೆಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ 3.3 ಪೆಟಾಫ್ಲಾಪ್ ಸಾಮರ್ಥ್ಯದ 'ಪರಮ್ ಪ್ರವೇಗ' ಸ್ಥಾಪನೆಯಾಯಿತು.

ಎಚ್‌ಐವಿಯ ಇಂಟಿಗ್ರೇಸ್ ಪ್ರೋಟೀನಿನಲ್ಲಿ ಅಡಗಿದ್ದ ಸಂದನ್ನು 2004ರಲ್ಲಿ ತೋರಿಸಿಕೊಟ್ಟದ್ದು ಈ ವಿಧಾನವೇ. ಅದೇ ಪ್ರೋಟೀನನ್ನು ತಡೆಯುವ ಮೊದಲ ಔಷಧ ರಾಲ್ಟೆಗ್ರಾವಿರ್ 2007ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಆದರೆ ಪರಮಾಣುಗಳ ನಡುವಣ ಬಲದ ಸೂತ್ರಗಳು ಅಂದಾಜಿನವು. 2020ರ ಕೊರೊನಾ ಕಾಲದಲ್ಲಿ, ಗಣಕದ ಪರದೆಯಲ್ಲಿ ಅಣುವೊಂದು ವೈರಸ್ಸಿನ ಪ್ರೋಟೀನಿಗೆ ಅಂಟಿದ ಮಾತ್ರಕ್ಕೆ ಮದ್ದು ಸಿಕ್ಕಿತೆಂಬ ಸುದ್ದಿಗಳು ಹರಡಿದವು. ಅಂಥ ಅಣು ಮದ್ದೆನಿಸಲು ಪ್ರಯೋಗಶಾಲೆ, ಪ್ರಾಣಿಗಳು, ಆಮೇಲೆ ಮನುಷ್ಯರ ಮೇಲಿನ ಮೂರು ಹಂತದ ಪರೀಕ್ಷೆಗಳನ್ನು ದಾಟಬೇಕು.