ಆಸ್ಟ್ರೇಲಿಯಾದ ಟ್ಯಾರಂಟುಲಾ ಕಚ್ಚಿದರೆ ಸಾವು ಖಚಿತವೇ? ಸಾಕುವವರಿಗೆ ಗೊತ್ತಿರುವ ವಿಷಯ ಬೇರೆ

ಅಂಗೈಯಗಲದ, ಮೈತುಂಬಾ ಕೂದಲಿರುವ ಕಂದು ಜೇಡದ ಫೋಟೋ. ಕೆಳಗೆ ‘ಆಸ್ಟ್ರೇಲಿಯಾದ ಈ ಜೇಡ ಕಚ್ಚಿದರೆ ನಿಮಿಷಗಳಲ್ಲಿ ಸಾವು’ ಎಂಬ ಸಾಲು. ಇಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಫೋಟೋದಲ್ಲಿರುವುದು ಟ್ಯಾರಂಟುಲಾ ಆಗಿದ್ದರೆ ಆ ಸಾಲು ಸುಳ್ಳು. ಆಸ್ಟ್ರೇಲಿಯಾದಲ್ಲಿ ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹವ್ಯಾಸಕ್ಕಾಗಿ ಸಾಕುವವರೇ ಇದ್ದಾರೆ.

ಅಲ್ಲಿನ ಟ್ಯಾರಂಟುಲಾಗಳು ಮನುಷ್ಯರನ್ನು ಕಚ್ಚಿದ 9 ಖಚಿತ ಪ್ರಕರಣಗಳ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ಯಾರೂ ಸಾಯಲಿಲ್ಲ. ಕೆಲವರಿಗೆ ವಿಪರೀತ ನೋವಾಯಿತು, ಒಬ್ಬರಿಗಂತೂ ಜೇಡದ ಹಲ್ಲು ಉಗುರನ್ನೇ ತೂರಿ ಇಳಿದಿತ್ತು. ಆದರೆ ಅದೇ ಅಧ್ಯಯನದಲ್ಲಿ ನಾಯಿಗಳನ್ನು ಕಚ್ಚಿದ 7 ಪ್ರಕರಣಗಳೂ ಇದ್ದವು. ಏಳೂ ನಾಯಿಗಳು ಸತ್ತವು, ಕೆಲವು ಅರ್ಧ ಗಂಟೆಯಿಂದ ಎರಡು ಗಂಟೆಯೊಳಗೆ. ಎಚ್ಚರಿಕೆ ಕೊಡಬೇಕಾದದ್ದು ಈ ವಿಷಯಕ್ಕೆ, ಆದರೆ ಯಾವ ಫಾರ್ವರ್ಡ್‌ನಲ್ಲೂ ಇದು ಕಾಣುವುದಿಲ್ಲ.

ನಿಜವಾಗಿ ಮನುಷ್ಯರ ಪ್ರಾಣ ತೆಗೆಯಬಲ್ಲದ್ದು ಸಿಡ್ನಿ ಫನಲ್-ವೆಬ್ ಎಂಬ ಬೇರೆ ಜೇಡ. ಅದರ ವಿಷಕ್ಕೆ 1981ರಲ್ಲಿ ಪ್ರತಿವಿಷ ಬಂತು, ಆಮೇಲೆ ಅದರಿಂದ ಸಾವು ದಾಖಲಾಗಿಲ್ಲ. ಎರಡೂ ಬಿಲದಲ್ಲಿರುವ ದೊಡ್ಡ ಜೇಡಗಳಾದ್ದರಿಂದ ಗೊಂದಲ ಸಹಜ. ಫನಲ್-ವೆಬ್‌ನ ಮೈ ಕಪ್ಪು, ತಲೆಯ ಭಾಗ ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಟ್ಯಾರಂಟುಲಾ ಮಾಸಲು ಕಂದು, ಮೈಯೆಲ್ಲ ಮಖಮಲ್ಲಿನಂಥ ಕೂದಲು, ಕಾಲ ತುದಿಯಲ್ಲಿ ಮೆತ್ತೆಯಂತೆ ದಟ್ಟ ರೋಮ. ಅನುಮಾನ ಬಂದರೆ ಅಪಾಯದ ಜೇಡವೆಂದೇ ತಿಳಿದು ದೂರವಿರಿ.

ಟ್ಯಾರಂಟುಲಾ ಎಂದು ಗೊತ್ತಾದ ಮೇಲೂ ‘ಯಾವ ಜಾತಿ?’ ಎಂಬ ಪ್ರಶ್ನೆ ಉಳಿಯುತ್ತದೆ. ಕ್ವೀನ್ಸ್‌ಲ್ಯಾಂಡ್‌ನ ‘ಸಿಳ್ಳೆ ಜೇಡ’ಕ್ಕೆ ಮುಂಗಾಲುಗಳು ದಪ್ಪ. ಕೆಣಕಿದರೆ ಬಾಯಿಯ ಬಳಿಯ ಗಡುಸು ರೋಮಗಳನ್ನು ಉಜ್ಜಿ ಬುಸುಗುಟ್ಟುತ್ತದೆ. ‘ಗರಿಗಾಲು’ ಎನ್ನಬಹುದಾದ ಇನ್ನೊಂದಕ್ಕೆ ಹಿಂಗಾಲುಗಳು ದಪ್ಪ, ಪೊದೆಗೂದಲು. ಫೋಟೋ ನೋಡಿ ಇಷ್ಟನ್ನು ಊಹಿಸಬಹುದು, ಅದಕ್ಕಿಂತ ಮುಂದೆ ಹೋಗಲು ಸೂಕ್ಷ್ಮದರ್ಶಕ ಬೇಕು. ಹೆಣ್ಣು ಕಳಚಿದ ಪೊರೆಯೊಳಗಿನ ವೀರ್ಯಕೋಶದ ಆಕಾರವನ್ನು ತಜ್ಞರು ನೋಡುತ್ತಾರೆ. ಎಷ್ಟೋ ಜಾತಿಗಳಿಗೆ ಇನ್ನೂ ವೈಜ್ಞಾನಿಕ ಹೆಸರೇ ಇಲ್ಲದ್ದರಿಂದ ಮಾರುವವರು ‘ಸರೀನಾ’ ಎಂಬಂತೆ ಊರಿನ ಹೆಸರಿಟ್ಟು ಮಾರುತ್ತಾರೆ. ಅದು ವ್ಯಾಪಾರದ ಹೆಸರು, ವಿಜ್ಞಾನದ್ದಲ್ಲ.

ಸಾಕುವುದು ಕಷ್ಟವಲ್ಲ, ತಾಳ್ಮೆ ಬೇಕು ಅಷ್ಟೇ. ಬಿಲ ತೋಡಲು ಆಳವಾದ ಮಣ್ಣು ಅಥವಾ ತೆಂಗಿನ ನಾರಿನ ಪುಡಿ, ಸ್ವಲ್ಪ ತೇವ, ನೀರಿನ ಬಟ್ಟಲು, ಆಗಾಗ ಜಿರಳೆಯೋ ಚಿಮ್ಮಂಡೆಯೋ. ಪೆಟ್ಟಿಗೆ ಎತ್ತರವಿರಬಾರದು, ಮೇಲಿಂದ ಬಿದ್ದರೆ ಜೇಡದ ಹೊಟ್ಟೆ ಒಡೆದುಹೋಗಬಹುದು. ಕೈಮೇಲೆ ಹತ್ತಿಸಿಕೊಂಡು ರೀಲ್ಸ್ ಮಾಡುವುದು ಜೇಡಕ್ಕೂ ಒಳ್ಳೆಯದಲ್ಲ, ಕೈಗೂ ಅಲ್ಲ. ಅಮೆರಿಕ ಖಂಡದ ಹಲವು ಟ್ಯಾರಂಟುಲಾಗಳು ತುರಿಕೆಯ ರೋಮ ಉದುರಿಸಿ ಹೆದರಿಸುತ್ತವೆ. ಆಸ್ಟ್ರೇಲಿಯಾದವಕ್ಕೆ ಆ ರೋಮವಿಲ್ಲ, ಅವು ನೇರವಾಗಿ ಕಚ್ಚುತ್ತವೆ.

ಹೊಸಬರು ಮಾಡುವ ದೊಡ್ಡ ತಪ್ಪು ಒಂದಿದೆ. ಪೊರೆ ಕಳಚುವಾಗ ಜೇಡ ಅಂಗಾತ ಮಲಗಿ ಗಂಟೆಗಟ್ಟಲೆ ಅಲ್ಲಾಡದೆ ಇರುತ್ತದೆ. ಸತ್ತಿದೆ ಎಂದು ಎಸೆದುಬಿಡುತ್ತಾರೆ! ಸತ್ತ ಜೇಡ ಸಾಮಾನ್ಯವಾಗಿ ಕಾಲು ಮಡಚಿಕೊಂಡು ಮುದುಡಿರುತ್ತದೆ. ಪೊರೆ ಬಿಟ್ಟ ಮೇಲೆ ಹಲ್ಲು ಗಟ್ಟಿಯಾಗುವವರೆಗೆ ಕೆಲವು ದಿನ ಆಹಾರ ಹಾಕಬಾರದು. ಗಂಡು ಬೆಳೆದ ಮೇಲೆ ಹೆಚ್ಚು ಕಾಲ ಬದುಕುವುದಿಲ್ಲ, ಹೆಣ್ಣು ಹತ್ತಾರು ವರ್ಷ ಜೊತೆಗಿರುತ್ತದೆ. ಮನೆಯಲ್ಲಿ ನಾಯಿ ಇದ್ದರೆ ಪೆಟ್ಟಿಗೆಗೆ ಬೀಗ ಬೇಕು.

ನಮ್ಮಲ್ಲಿಗೆ ತರಿಸಿಕೊಳ್ಳಬಹುದೇ? ಪರವಾನಗಿ ಇಲ್ಲದೆ ಇವನ್ನು ಆಸ್ಟ್ರೇಲಿಯಾದಿಂದ ಹೊರಗೆ ಕಳುಹಿಸುವುದು ಅಪರಾಧ. ಇತ್ತ 2021ರಲ್ಲಿ ಪೋಲೆಂಡ್‌ನಿಂದ ಚೆನ್ನೈಗೆ ಬಂದ ಅಂಚೆ ಪಾರ್ಸಲ್‌ನಲ್ಲಿ ಪುಟ್ಟ ಪುಟ್ಟ ಡಬ್ಬಿಗಳಲ್ಲಿ ತುಂಬಿದ್ದ 107 ಜೀವಂತ ಟ್ಯಾರಂಟುಲಾಗಳು ಸಿಕ್ಕವು. ಕಸ್ಟಮ್ಸ್ ಅಧಿಕಾರಿಗಳು ವಶಪಡಿಸಿಕೊಂಡರು, ಪೋಲೆಂಡ್‌ಗೇ ವಾಪಸ್ ಕಳುಹಿಸಲು ಕ್ರಮವಾಯಿತು.