ಮಧುಮೇಹಸಂಶೋಧನೆಯಲ್ಲಿ ಇಲಿಗಳ ಸಾಕ್ಷ್ಯವಿಚಾರ

ಒಂದು ವಸ್ತುವು ಮತ್ತೊಂದಕ್ಕೆ ಕಾರಣವೆಂದು ನಿಶ್ಚಯಿಸುವುದಕ್ಕೆ ಅನ್ವಯ ವ್ಯತಿರೇಕಗಳೆರಡೂ ಬೇಕೆಂಬುದು ತಾರ್ಕಿಕರ ಸಿದ್ಧಾಂತ. ಯಾವುದಿದ್ದರೆ ಕಾರ್ಯವುಂಟಾಗುವುದೋ, ಯಾವುದಿಲ್ಲದಿದ್ದರೆ ಕಾರ್ಯವುಂಟಾಗದೋ ಅದೇ ಕಾರಣವು. ಮಧುಮೇಹಕ್ಕೂ ಉದರದಲ್ಲಿರುವ ಮೇದೋಜೀರಕ ಗ್ರಂಥಿಗೂ ಇರುವ ಸಂಬಂಧವು ವ್ಯತಿರೇಕದಿಂದಲೇ ಸಿದ್ಧವಾಯಿತು. ಚರಕ ಸುಶ್ರುತರು ಪ್ರಮೇಹಗಳು ಇಪ್ಪತ್ತೆಂದು ಎಣಿಸಿ, ಅವುಗಳಲ್ಲಿ ಮಧುಮೇಹವನ್ನು ಮೂತ್ರವು ಜೇನಿನಂತಾಗುವ ಲಕ್ಷಣದಿಂದ ಗುರುತಿಸಿದ್ದರು. ಆದರೆ ಅದನ್ನು ಈ ಗ್ರಂಥಿಯೊಡನೆ ಸಂಬಂಧಿಸಿ ಹೇಳಿರಲಿಲ್ಲ. ೧೮೮೯ರಲ್ಲಿ ಸ್ಟ್ರಾಸ್‌ಬರ್ಗ್ ನಗರದಲ್ಲಿ ಓಸ್ಕರ್ ಮಿಂಕೋವ್ಸ್ಕಿ, ಜೋಸೆಫ್ ಫಾನ್ ಮೇರಿಂಗ್ ಎಂಬಿಬ್ಬರು ಒಂದು ನಾಯಿಯ ಮೇದೋಜೀರಕವನ್ನು ಸಂಪೂರ್ಣವಾಗಿ ತೆಗೆದುಹಾಕಲು, ಆ ನಾಯಿಗೆ ಮಧುಮೇಹವು ಪ್ರಾಪ್ತವಾಯಿತು. ಅಂಗವಿಲ್ಲದಿದ್ದರೆ ರೋಗವು ಬರುತ್ತದೆಯಾದ್ದರಿಂದ, ರೋಗವನ್ನು ತಡೆಯುವ ಏನೋ ಒಂದು ದ್ರವ್ಯವು ಆ ಅಂಗದಲ್ಲಿದೆಯೆಂದು ಅನುಮಾನಿಸುವುದಕ್ಕೆ ಅವಕಾಶವಾಯಿತು.

ಆದರೆ ಆ ಗ್ರಂಥಿಯು ಏಕರೂಪವಾದುದಲ್ಲ. ಅದರ ಬಹುಭಾಗವು ಜೀರ್ಣರಸವನ್ನು ಸ್ರವಿಸುವ ಜೀವಕೋಶಗಳ ಸಮೂಹ. ಅವುಗಳ ನಡುವೆ ಅಲ್ಲಲ್ಲಿ ಚದರಿರುವ ಬೇರೆ ಬಗೆಯ ಸಣ್ಣ ಗುಂಪುಗಳನ್ನು ೧೮೬೯ರಲ್ಲಿ ಬರ್ಲಿನ್ನಿನ ಪಾಲ್ ಲ್ಯಾಂಗರ್‌ಹಾನ್ಸನು ತನ್ನ ವಿದ್ಯಾರ್ಥಿದೆಸೆಯ ಪ್ರಬಂಧದಲ್ಲಿ ವರ್ಣಿಸಿದನು. ೧೮೯೩ರಲ್ಲಿ ಲಾಗೆಸ್ ಎಂಬ ಫ್ರೆಂಚ್ ವಿದ್ವಾಂಸನು ಅವುಗಳಿಗೆ ಲ್ಯಾಂಗರ್‌ಹಾನ್ಸ್ ದ್ವೀಪಗಳೆಂದು ನಾಮಕರಣಮಾಡಿದನು. ಈ ದ್ವೀಪಗಳೊಳಗೂ ಜಾತಿಭೇದವುಂಟು. ಬೀಟಾ ಜೀವಕೋಶಗಳು ಇನ್ಸುಲಿನ್ನನ್ನೂ, ಆಲ್ಫಾ ಜೀವಕೋಶಗಳು ಗ್ಲುಕಗಾನನ್ನೂ ಉತ್ಪಾದಿಸುತ್ತವೆ, ಉಳಿದವು ಅಲ್ಪಸಂಖ್ಯಾತ. ೧೯೨೧ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟರು ಇನ್ಸುಲಿನ್ನನ್ನು ಬೇರ್ಪಡಿಸಿದ ವೃತ್ತಾಂತವು ಸುಪ್ರಸಿದ್ಧವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

ಅಂಗದ ವ್ಯತಿರೇಕವನ್ನು ಶಸ್ತ್ರದಿಂದ ಮಾಡಬಹುದು. ಆದರೆ ಬೀಟಾ ಜೀವಕೋಶದೊಳಗಿರುವ ಸಹಸ್ರಾರು ವಂಶವಾಹಿಗಳಲ್ಲಿ ಒಂದನ್ನು ಮಾತ್ರ, ಅದೂ ಶರೀರದ ಇತರ ಜೀವಕೋಶಗಳಲ್ಲಿ ಇದ್ದುಕೊಂಡಿರುವಂತೆಯೇ, ಇಲ್ಲವಾಗಿಸುವುದು ಹೇಗೆ? ಕಳೆದ ನಾಲ್ಕು ದಶಕಗಳಲ್ಲಿ ಈ ಕಾರ್ಯಕ್ಕಾಗಿ ಇಲಿಗಳನ್ನು ಹೇಗೆ ಸಿದ್ಧಪಡಿಸಿದರು, ಆ ಇಲಿಗಳು ನುಡಿದ ಸಾಕ್ಷ್ಯದಲ್ಲಿ ದೋಷವೆಲ್ಲಿ ಕಂಡುಬಂದಿತು ಎಂಬುದೇ ಪ್ರಕೃತ ವಿಷಯ. ಇಲ್ಲಿ ಇಲಿಯೆಂದರೆ ಚಿಕ್ಕ ಜಾತಿಯ ಮನೆಯಿಲಿಯೆಂದು ತಿಳಿಯತಕ್ಕದ್ದು. ದೊಡ್ಡ ಜಾತಿಯನ್ನು ದೊಡ್ಡಿಲಿಯೆಂದು ಪ್ರತ್ಯೇಕವಾಗಿ ಹೇಳಲಾಗುವುದು.

ಹೊರಗಿನ ಡಿಎನ್‌ಎಯನ್ನು ಇಲಿಯ ಆಗತಾನೇ ಫಲಿತವಾದ ಅಂಡದೊಳಕ್ಕೆ ಸೂಜಿಯಿಂದ ಸೇರಿಸಬಹುದೆಂದು ಗಾರ್ಡನ್ ಮತ್ತು ರಡಲ್ ಎಂಬವರು ೧೯೮೦ರಲ್ಲಿ ತೋರಿಸಿದರು. ೧೯೮೨ರಲ್ಲಿ ಪಾಮಿಟರ್, ಬ್ರಿನ್‌ಸ್ಟರ್ ಮೊದಲಾದವರು ದೊಡ್ಡಿಲಿಯ ಬೆಳವಣಿಗೆಯ ಹಾರ್ಮೋನಿನ ವಂಶವಾಹಿಯನ್ನು ಹೀಗೆ ಸೇರಿಸಲು, ಮರಿಗಳು ಒಡಹುಟ್ಟಿದವುಗಳಿಗಿಂತ ಬಹಳ ದೊಡ್ಡವಾಗಿ ಬೆಳೆದುವು. ಆದರೆ ಸೇರಿಸಿದುದು ಎಲ್ಲಿ ಪ್ರಕಟವಾಗಬೇಕೆಂಬುದನ್ನು ನಿಯಮಿಸುವುದು ವಂಶವಾಹಿಯ ಮುಂಭಾಗದಲ್ಲಿರುವ ಪ್ರವರ್ತಕವೆಂಬ ಅಂಶ. ಪಾಣಿನಿಯ ಅಧಿಕಾರಸೂತ್ರವು ತಾನಾಗಿ ಯಾವ ಕಾರ್ಯವನ್ನೂ ವಿಧಿಸದೆ ಮುಂದಣ ಸೂತ್ರಗಳ ಕ್ಷೇತ್ರವನ್ನು ಗೊತ್ತುಮಾಡುವಂತೆ, ಪ್ರವರ್ತಕವೂ ತನ್ನ ಹಿಂದೆ ಬರುವ ವಂಶವಾಹಿಯು ಯಾವ ಜೀವಕೋಶದಲ್ಲಿ ಕಾರ್ಯಪರವಾಗಬೇಕೆಂಬುದನ್ನು ಗೊತ್ತುಮಾಡುತ್ತದೆ. ದೊಡ್ಡಿಲಿಯ ಎಲಾಸ್ಟೇಸ್ ವಂಶವಾಹಿಯನ್ನು ತನ್ನ ಪ್ರವರ್ತಕದೊಡನೆ ಇಲಿಗೆ ಸೇರಿಸಿದರೆ ಅದು ಮೇದೋಜೀರಕದಲ್ಲೇ ಪ್ರಕಟವಾಗುವುದೆಂದು ೧೯೮೪ರಲ್ಲಿಯೂ, ಇನ್ಸುಲಿನ್ನಿನ ಪ್ರವರ್ತಕವನ್ನು ಒಂದು ವೈರಾಣುವಿನ ಅರ್ಬುದಜನಕ ವಂಶವಾಹಿಗೆ ಕಟ್ಟಿದರೆ ಬೀಟಾ ಜೀವಕೋಶಗಳಲ್ಲಿ ಗಡ್ಡೆಗಳಾಗುವುವೆಂದು ೧೯೮೫ರಲ್ಲಿ ಡಗ್ಲಸ್ ಹಾನಹಾನರಿಂದಲೂ ತಿಳಿದುಬಂದಿತು. ಇದು ಅನ್ವಯದ ಪಕ್ಷ.

ವ್ಯತಿರೇಕವು ಇದಕ್ಕಿಂತ ಕಷ್ಟತರವಾಗಿತ್ತು. ಇಲಿಯ ಒಂದು ವಂಶವಾಹಿಯನ್ನು ಉದ್ದೇಶಪೂರ್ವಕವಾಗಿ ಕೆಡಿಸುವ ವಿಧಾನವು ೧೯೮೦ರ ದಶಕದಲ್ಲಿ ಸಿದ್ಧವಾಯಿತು. ಅದಕ್ಕಾಗಿ ಕಪೆಕ್ಕಿ, ಇವಾನ್ಸ್, ಸ್ಮಿಥೀಸರಿಗೆ ೨೦೦೭ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು. ಆದರೆ ಹಾಗೆ ಕೆಟ್ಟ ವಂಶವಾಹಿಯು ಸರ್ವಾಂಗದಲ್ಲಿಯೂ, ಗರ್ಭಾರಂಭದಿಂದಲೂ ಕೆಟ್ಟಿರುತ್ತದೆ. ೧೯೯೪ರಲ್ಲಿ ಸ್ವೀಡನ್ನಿನ ಉಮಿಯೋ ನಗರದವರು ಪಿಡಿಎಕ್ಸ್೧ ಎಂದು ಈಗ ಕರೆಯಲ್ಪಡುವ ವಂಶವಾಹಿಯನ್ನು ಕೆಡಿಸಲು, ಮರಿಗಳು ಮೇದೋಜೀರಕವೇ ಇಲ್ಲದೆ ಹುಟ್ಟಿ ಬೇಗನೆ ಸತ್ತುವು. ಅಂಗದ ಉತ್ಪತ್ತಿಗೆ ಅದು ಬೇಕೆಂದು ಇದರಿಂದ ತಿಳಿಯಿತೇ ಹೊರತು, ಬೆಳೆದ ಪ್ರಾಣಿಯಲ್ಲಿ ಅದರ ಕೆಲಸವೇನೆಂಬುದು ತಿಳಿಯುವಂತಿರಲಿಲ್ಲ. ಅಂಗವೇ ಇಲ್ಲದಲ್ಲಿ ಅದರ ಧರ್ಮವನ್ನು ಪರೀಕ್ಷಿಸುವುದೆಂತು?

ಪರಿಹಾರವು ಬ್ಯಾಕ್ಟೀರಿಯಾಗಳನ್ನು ಮುತ್ತುವ ಪಿ೧ ಎಂಬ ವೈರಾಣುವಿನಿಂದ ಬಂದಿತು. ಅದರಲ್ಲಿ ಕ್ರೀ ಎಂಬ ಒಂದು ಕಿಣ್ವವೂ, ಲಾಕ್ಸ್‌ಪಿ ಎಂಬ ೩೪ ಅಕ್ಷರಗಳ ಡಿಎನ್‌ಎ ಗುರುತೂ ಇರುವುದನ್ನು ನ್ಯಾಟ್ ಸ್ಟರ್ನ್‌ಬರ್ಗರು ೧೯೮೧ರ ಸುಮಾರಿಗೆ ವಿಶದಪಡಿಸಿದರು. ಒಂದೇ ಮುಖವಾಗಿರುವ ಎರಡು ಗುರುತುಗಳ ನಡುವಣ ಭಾಗವನ್ನು ಕ್ರೀ ಕಿಣ್ವವು ಕತ್ತರಿಸಿ ತೆಗೆದು, ಒಂದು ಗುರುತನ್ನು ಮಾತ್ರ ಉಳಿಸುತ್ತದೆ. ಓಲೆಗರಿಗಳನ್ನು ಪರಿಷ್ಕರಿಸುವವರಿಗೆ ಇದು ಅಪರಿಚಿತವಾದ ವ್ಯಾಪಾರವಲ್ಲ. ಒಂದೇ ಪದವು ಎರಡು ಪಂಕ್ತಿಗಳಲ್ಲಿ ಬಂದರೆ ಲಿಪಿಕಾರನ ಕಣ್ಣು ಮೊದಲನೆಯದರಿಂದ ಎರಡನೆಯದಕ್ಕೆ ಹಾರಿ, ನಡುವಣ ಪಾಠವು ಬಿಟ್ಟುಹೋಗಿ, ಆ ಪದವು ಒಂದು ಸಲ ಮಾತ್ರ ಉಳಿಯುತ್ತದೆ. ಲಿಪಿಕಾರನಲ್ಲಿ ಪ್ರಮಾದವಾಗಿರುವುದು ಇಲ್ಲಿ ಉಪಾಯವಾಯಿತು. ೧೯೮೮ರಲ್ಲಿ ಬ್ರಯನ್ ಸೌವರ್ ಇದನ್ನು ಸ್ತನಿಗಳ ಜೀವಕೋಶಗಳಲ್ಲಿಯೂ, ೧೯೯೨ರಲ್ಲಿ ಇತರರು ಜೀವಂತ ಇಲಿಗಳಲ್ಲಿಯೂ ಸಾಧಿಸಿದರು. ೧೯೯೪ರಲ್ಲಿ ಕ್ಲಾಸ್ ರಾಯೆವ್ಸ್ಕಿಯವರ ಮಂಡಲಿಯು ಒಂದು ವಂಶವಾಹಿಯ ಭಾಗವನ್ನು ಒಂದು ಜಾತಿಯ ರಕ್ತಕಣಗಳಲ್ಲಿ ಮಾತ್ರ ತೆಗೆದುಹಾಕಿತು. ಎರಡು ವಂಶದ ಇಲಿಗಳನ್ನು ಸಾಕಬೇಕು: ಒಂದರಲ್ಲಿ ಬೇಕಾದ ವಂಶವಾಹಿಯ ಎರಡು ಪಕ್ಕಗಳಲ್ಲಿಯೂ ಗುರುತು, ಮತ್ತೊಂದರಲ್ಲಿ ಬೇಕಾದ ಜೀವಕೋಶದ ಪ್ರವರ್ತಕದ ಅಧೀನದಲ್ಲಿ ಕ್ರೀ. ಇವೆರಡರ ಸಂತಾನದಲ್ಲಿ ಆ ಜೀವಕೋಶದಲ್ಲಿ ಮಾತ್ರ ಲೋಪವಾಗುತ್ತದೆ, ಅಥವಾ ಆಗಬೇಕು.

ಮಧುಮೇಹಸಂಶೋಧಕರ ಪಾಲಿಗೆ ಇಂಥ ಮುಖ್ಯ ವಂಶವು ಅಮೆರಿಕದ ನ್ಯಾಶ್‌ವಿಲ್ ನಗರದ ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮಾರ್ಕ್ ಮ್ಯಾಗ್ನುಸನ್ನರಿಂದ ಬಂದಿತು. ದೊಡ್ಡಿಲಿಯ ಇನ್ಸುಲಿನ್ ಪ್ರವರ್ತಕದ ಸಣ್ಣ ತುಂಡನ್ನು ಕ್ರೀಗೆ ಕಟ್ಟಿದ್ದರಿಂದ ಅದರ ಇಂಗ್ಲಿಷ್ ಆದ್ಯಕ್ಷರಗಳ ಮೇಲೆ ಈ ಇಲಿಗೆ ರಿಪ್-ಕ್ರೀ ಎಂದು ಹೆಸರಾಯಿತು. ೧೯೯೯ರಲ್ಲಿ ಪ್ರಕಟವಾದ ಮೊದಲ ಫಲವು ಗಂಭೀರವಾದುದು. ಬೀಟಾ ಜೀವಕೋಶಗಳಲ್ಲಿ ಗ್ಲುಕೋಕೈನೇಸ್ ಎಂಬ ಕಿಣ್ವವಿಲ್ಲದ ಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀವ್ರ ಮಧುಮೇಹದಿಂದ ಸತ್ತುವು. ಅದೇ ವರ್ಷ ಬಾಸ್ಟನ್ ನಗರದ ರೊನಾಲ್ಡ್ ಕಾನರ ಮಂಡಲಿಯು ಇದೇ ವಂಶವನ್ನು ಉಪಯೋಗಿಸಿ, ಬೀಟಾ ಜೀವಕೋಶವು ಇನ್ಸುಲಿನ್ನಿನ ಗ್ರಾಹಕವನ್ನು ಕಳೆದುಕೊಂಡರೆ ಸಕ್ಕರೆಗೆ ತಕ್ಕಂತೆ ಇನ್ಸುಲಿನ್ನನ್ನು ಬಿಡುಗಡೆಮಾಡುವ ಶಕ್ತಿಯು ಕುಂದುವುದೆಂದು ತೋರಿಸಿತು. ಆಮೇಲೆ ರಿಪ್-ಕ್ರೀ ಇಲಿಯು ದೇಶದೇಶಗಳ ಪ್ರಯೋಗಶಾಲೆಗಳನ್ನು ಸೇರಿತು.

ಸ್ಥಳವನ್ನು ನಿಯಮಿಸಿದಂತೆ ಕಾಲವನ್ನು ನಿಯಮಿಸುವ ಉಪಾಯಗಳೂ ಇದೇ ವೇಳೆಗೆ ಬಂದುವು. ಹೈಡೆಲ್‌ಬರ್ಗಿನ ಮಾನ್ಫ್ರೆಡ್ ಗೋಸನ್, ಹೆರ್ಮಾನ್ ಬುಯಾರ್ಡ್ ಇವರು ೧೯೯೨ರಲ್ಲಿ, ಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಕೊಟ್ಟರೆ ವಂಶವಾಹಿಯು ಸುಮ್ಮನಾಗುವಂತೆಯೂ, ೧೯೯೫ರಲ್ಲಿ ಅದರ ಸಜಾತೀಯವಾದ ಡಾಕ್ಸಿಸೈಕ್ಲಿನ್ನನ್ನು ಕೊಟ್ಟಾಗಲೇ ಎಚ್ಚರವಾಗುವಂತೆಯೂ ಏರ್ಪಡಿಸಿದರು. ಪಿಡಿಎಕ್ಸ್೧ರ ವಿಷಯದಲ್ಲಿ ಉಳಿದಿದ್ದ ಪ್ರಶ್ನೆಗೆ ೨೦೦೨ರಲ್ಲಿ ಹಾಲೆಂಡ್, ಮ್ಯಾಕ್‌ಡೊನಾಲ್ಡ್ ಮೊದಲಾದವರು ಈ ಮಾರ್ಗದಿಂದ ಉತ್ತರಕೊಟ್ಟರು. ಔಷಧವಿಲ್ಲದಿರುವಾಗ ಅವರ ಇಲಿಗಳ ಮೇದೋಜೀರಕವು ಸರಿಯಾಗಿ ಬೆಳೆಯಿತು. ಗರ್ಭಕಾಲದ ಮಧ್ಯದಲ್ಲಿ ಔಷಧವನ್ನು ಕೊಟ್ಟಾಗ ಬೆಳವಣಿಗೆಯು ಅಲ್ಲಿಗೇ ನಿಂತಿತು. ಬೆಳೆದ ಮೇಲೆ ಕೊಟ್ಟಾಗ ಇನ್ಸುಲಿನ್ ಇಳಿದು ರಕ್ತದ ಸಕ್ಕರೆಯು ಏರಿತು. ಸ್ಟ್ರಾಸ್‌ಬರ್ಗಿನಲ್ಲಿಯೇ, ಮಿಂಕೋವ್ಸ್ಕಿಯ ನಾಯಿಯ ಕಾಲಕ್ಕೆ ನೂರು ವರ್ಷಗಳು ಕಳೆದ ತರುವಾಯ, ಪಿಯರ್ ಶಾಂಬೋನರ ಮಂಡಲಿಯು ಟಮಾಕ್ಸಿಫೆನ್ ಎಂಬ ಔಷಧವು ಬಂದಾಗ ಮಾತ್ರ ಕೆಲಸಮಾಡುವ ಕ್ರೀಯನ್ನು ಸಿದ್ಧಪಡಿಸಿ, ೧೯೯೬ರಲ್ಲಿ ಇಲಿಗಳಲ್ಲಿ ಅದನ್ನು ಸಾಧಿಸಿ ತೋರಿಸಿತು.

ಇದರಿಂದ ಒಂದು ಜೀವಕೋಶದ ವಂಶಾವಳಿಯನ್ನೇ ಬರೆಯುವುದು ಶಕ್ಯವಾಯಿತು. ಬೆಳೆದ ಇಲಿಯಲ್ಲಿ ಹೊಸ ಬೀಟಾ ಜೀವಕೋಶಗಳು ಯಾವುದೋ ಮೂಲಕೋಶದಿಂದ ಹುಟ್ಟುವುವೋ, ಇದ್ದವೇ ಇಬ್ಭಾಗವಾಗುವುವೋ ಎಂಬುದು ವಿವಾದವಾಗಿತ್ತು. ಹಾರ್ವರ್ಡಿನ ಯುವಾಲ್ ಡೋರ್, ಡಗ್ಲಸ್ ಮೆಲ್ಟನ್ ಮೊದಲಾದವರು ಟಮಾಕ್ಸಿಫೆನ್ನಿನಿಂದ ಒಂದು ಕಾಲದಲ್ಲಿದ್ದ ಬೀಟಾ ಜೀವಕೋಶಗಳಿಗೆ ಅಳಿಸಲಾಗದ ಮುದ್ರೆಯನ್ನೊತ್ತಿ ಕಾದರು. ಹೊಸವು ಬೇರೆ ಮೂಲದಿಂದ ಬಂದಿದ್ದರೆ ಮುದ್ರಿತವಾದವುಗಳ ಪ್ರಮಾಣವು ಕಾಲಕ್ರಮದಲ್ಲಿ ಇಳಿಯಬೇಕಾಗಿತ್ತು. ಅದು ಇಳಿಯಲಿಲ್ಲ. ಆದುದರಿಂದ ಇದ್ದವೇ ಇಬ್ಭಾಗವಾಗುವುವೆಂದು ೨೦೦೪ರಲ್ಲಿ ಅವರು ನಿರ್ಣಯಿಸಿದರು. ಆದರೆ ೨೦೧೦ರಲ್ಲಿ ಜಿನೀವಾದ ಪೆಡ್ರೊ ಹೆರೇರರ ಮಂಡಲಿಯು ಬೀಟಾ ಜೀವಕೋಶಗಳನ್ನು ಹೆಚ್ಚುಕಡಿಮೆ ನಿಶ್ಶೇಷವಾಗಿ ಕೊಂದ ಇಲಿಗಳಲ್ಲಿ, ಮೊದಲೇ ಮುದ್ರೆಯೊತ್ತಿದ್ದ ಆಲ್ಫಾ ಜೀವಕೋಶಗಳಲ್ಲಿ ಕೆಲವು ಇನ್ಸುಲಿನ್ನನ್ನು ಉತ್ಪಾದಿಸತೊಡಗಿದುದನ್ನು ಕಂಡಿತು. ಮೊದಲನೆಯದು ಉತ್ಸರ್ಗ, ಎರಡನೆಯದು ಅಪವಾದವೆಂದು ಭಾವಿಸಿದರೆ ಇವೆರಡಕ್ಕೂ ವಿರೋಧವಿಲ್ಲ.

ಇನ್ನು ದೋಷದ ಕಡೆಗೆ ಬರಬೇಕು. ಲಕ್ಷಣಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವವೆಂದು ಮೂರು ದೋಷಗಳನ್ನು ಶಾಸ್ತ್ರಜ್ಞರು ಹೇಳುತ್ತಾರೆ. ರಿಪ್-ಕ್ರೀಗೆ ಒದಗಿದುದು ಅತಿವ್ಯಾಪ್ತಿ. ಇನ್ಸುಲಿನ್ ಪ್ರವರ್ತಕದ ಸಣ್ಣ ತುಂಡು ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ಸಿನ ಕೆಲವು ಜೀವಕೋಶಗಳಲ್ಲಿಯೂ ಕ್ರೀಯನ್ನು ಪ್ರಕಟಪಡಿಸುತ್ತಿತ್ತು. ಆ ಸ್ಥಾನವು ಹಸಿವನ್ನೂ ದೇಹದ ತೂಕವನ್ನೂ ಆಳತಕ್ಕದ್ದು. ಐಆರ್‌ಎಸ್೨ ಎಂಬ ವಂಶವಾಹಿಯನ್ನು ಈ ಇಲಿಗಳ ಮೂಲಕ ತೆಗೆದುಹಾಕಲು, ಮಧುಮೇಹದ ಜೊತೆಗೆ ಸ್ಥೂಲತೆಯೂ ಕಾಣಿಸಿತು. ಬೀಟಾ ಜೀವಕೋಶದ ಲೋಪದಿಂದ ಪ್ರಾಣಿಯು ದಪ್ಪಗಾಗುವುದೇಕೆ? ೨೦೦೪ರಲ್ಲಿ ಎರಡು ಮಂಡಲಿಗಳು ಪ್ರತ್ಯೇಕವಾಗಿ ಇದನ್ನು ಶೋಧಿಸಿ, ಲೋಪವು ಮಿದುಳಿನಲ್ಲಿಯೂ ಆಗಿರುವುದನ್ನು ಹೊರಗೆಡಹಿದುವು. ೨೦೧೦ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ ಪಿಡಿಎಕ್ಸ್೧ರ ಪ್ರವರ್ತಕವುಳ್ಳ ಕ್ರೀ ಇಲಿಗಳಿಗೂ ಇದೇ ದೋಷವುಂಟೆಂದು ಗೊತ್ತಾಯಿತು.

ಇದಕ್ಕಿಂತ ಸೂಕ್ಷ್ಮವಾದುದು ಇನ್ನೊಂದು. ಗುರುತುಗಳೇ ಇಲ್ಲದೆ, ಯಾವ ವಂಶವಾಹಿಯೂ ಲೋಪವಾಗದೆ, ಕ್ರೀ ಮಾತ್ರವಿರುವ ಇಲಿಯನ್ನು ಪರೀಕ್ಷಿಸಿದರೆ ಏನಾಗುವುದು? ೨೦೦೬ರಲ್ಲಿ ಪ್ರಕಟವಾದ ಲೇಖನವೊಂದು ರಿಪ್-ಕ್ರೀ ಇಲಿಗಳು ತಾವಾಗಿಯೇ ಸಕ್ಕರೆಯನ್ನು ಸರಿಯಾಗಿ ನಿರ್ವಹಿಸಲಾರವೆಂದು ಸಾರಿತು. ಆ ಲೇಖನದ ಕರ್ತೃಗಳಲ್ಲಿ ಆ ವಂಶವನ್ನು ಸಿದ್ಧಪಡಿಸಿದ ಮ್ಯಾಗ್ನುಸನ್ನರೂ ಒಬ್ಬರು. ತಾನು ಲೋಕಕ್ಕೆ ಕೊಟ್ಟ ಸಾಧನದ ದೋಷವನ್ನು ತಾನೇ ಪ್ರಕಟಿಸುವವರು ಯಾವ ಶಾಸ್ತ್ರದಲ್ಲಿಯೂ ವಿರಳ. ಗುರುತುಳ್ಳ, ಕ್ರೀಯಿಲ್ಲದ ಒಡಹುಟ್ಟುಗಳನ್ನು ಮಾತ್ರ ಹೋಲಿಕೆಗೆ ಇಟ್ಟುಕೊಂಡಿದ್ದವರು, ತಾವು ತೆಗೆದುಹಾಕಿದ ವಂಶವಾಹಿಯ ಫಲವನ್ನು ಕಂಡರೋ ಕ್ರೀವಂಶದ ಫಲವನ್ನು ಕಂಡರೋ ಎಂಬುದನ್ನು ಬೇರ್ಪಡಿಸುವಂತಿರಲಿಲ್ಲ.

ಕಾರಣದ ಒಂದು ಭಾಗವು ೨೦೧೪ರಲ್ಲಿ ಹೊರಬಿದ್ದಿತು. ಸೇರಿಸಿದ ವಂಶವಾಹಿಯು ಚೆನ್ನಾಗಿ ಪ್ರಕಟವಾಗಲೆಂದು ಅದರ ಕೊನೆಯಲ್ಲಿ ಮಾನವನ ಬೆಳವಣಿಗೆಯ ಹಾರ್ಮೋನಿನ ವಂಶವಾಹಿಯ ಕಿರುರೂಪವೊಂದನ್ನು ಜೋಡಿಸುವುದು ವಾಡಿಕೆಯಾಗಿತ್ತು. ಕ್ರೀಯ ಪಾಠವು ಮುಗಿದ ಮೇಲೆ ಬರುವುದಾದುದರಿಂದ ಅದನ್ನು ಜೀವಕೋಶವು ಓದಲಾರದೆಂಬ ನಂಬಿಕೆಯಿತ್ತು. ಗ್ರಂಥವು ಸಮಾಪ್ತವೆಂದು ಬರೆದ ಮೇಲೆ ಕಟ್ಟಿನಲ್ಲಿ ಉಳಿದ ಗರಿಯನ್ನು ಯಾರೂ ಪಠಿಸುವುದಿಲ್ಲವೆಂಬಂತೆ. ಬೆಲ್ಜಿಯಂ ದೇಶದ ಲ್ಯೂವೆನ್ನಿನ ಫ್ರಾನ್ಸ್ ಸ್ಖೌಟ್ ಮೊದಲಾದವರು ಮೂರು ಪ್ರಸಿದ್ಧ ವಂಶಗಳನ್ನು ಪರೀಕ್ಷಿಸಿದಾಗ, ಅವುಗಳ ದ್ವೀಪಗಳಲ್ಲಿ ಮಾನವ ಹಾರ್ಮೋನು ಗಣನೀಯವಾಗಿ ಉತ್ಪನ್ನವಾಗುತ್ತಿತ್ತು, ರಿಪ್-ಕ್ರೀ ಅವುಗಳಲ್ಲೊಂದು. ಆ ಹಾರ್ಮೋನು ಬೀಟಾ ಜೀವಕೋಶದ ಪ್ರೊಲ್ಯಾಕ್ಟಿನ್ ಗ್ರಾಹಕಕ್ಕೆ ಅಂಟಿಕೊಂಡು, ಗರ್ಭಿಣಿಯಲ್ಲಿ ಆಗತಕ್ಕ ಮಾರ್ಪಾಡುಗಳನ್ನು ಗರ್ಭವಿಲ್ಲದ ಪ್ರಾಣಿಯಲ್ಲಿಯೂ ಉಂಟುಮಾಡುತ್ತಿತ್ತು. ಬೀಟಾ ಜೀವಕೋಶಗಳ ಒಟ್ಟು ಪರಿಮಾಣವೂ ಇನ್ಸುಲಿನ್ನಿನ ಸಂಗ್ರಹವೂ ಹೆಚ್ಚಿದ್ದುವು. ಒಂದು ವಂಶದಲ್ಲಂತೂ, ಸಂಗ್ರಹವು ಹೆಚ್ಚಿದ್ದರೂ ಸಕ್ಕರೆಗೆ ಪ್ರತಿಯಾಗಿ ಇನ್ಸುಲಿನ್ನನ್ನು ಬಿಡುವುದು ಕಡಿಮೆಯಾಗಿತ್ತು. ಬೀಟಾ ಜೀವಕೋಶಗಳನ್ನು ಕೊಲ್ಲುವ ಸ್ಟ್ರೆಪ್ಟೊಜೊಟೊಸಿನ್ ಎಂಬ ವಿಷವೂ ಆ ಇಲಿಗಳಿಗೆ ಅಷ್ಟಾಗಿ ತಟ್ಟುತ್ತಿರಲಿಲ್ಲ.

ನ್ಯಾಯಶಾಸ್ತ್ರದಲ್ಲಿ ಇದಕ್ಕೆ ಉಪಾಧಿಯೆಂದು ಹೆಸರು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಒಬ್ಬನು ಅನುಮಾನಿಸಿದರೆ, ಹೊಗೆಗೆ ಹಸಿಯ ಸೌದೆಯ ಸಂಬಂಧವು ಬೇಕಾಗಿರುವುದನ್ನು ಅವನು ನೋಡಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಕ್ರೀವಂಶಗಳ ವಿಷಯದಲ್ಲಿ ಮಾನವ ಹಾರ್ಮೋನು ಹಸಿಯ ಸೌದೆಯ ಸ್ಥಾನದಲ್ಲಿತ್ತು. ಇಷ್ಟರಿಂದ ಹಿಂದಿನ ನಿರ್ಣಯಗಳೆಲ್ಲ ಬಿದ್ದುಹೋದುವೆಂದು ಹೇಳುವುದು ಸಾಹಸ. ಗ್ಲುಕೋಕೈನೇಸ್ ಇಲ್ಲದ ಮರಿಗಳ ಮರಣವನ್ನು ಕ್ರೀವಂಶದ ಅಲ್ಪದೋಷದಿಂದ ವಿವರಿಸಲಾಗದು. ಕ್ರೀ ಮಾತ್ರವುಳ್ಳ ಇಲಿಗಳು ಬದುಕಿ ಸಂತಾನವನ್ನು ಪಡೆಯುತ್ತವೆ. ಬೀಟಾ ಜೀವಕೋಶಗಳ ಇಬ್ಭಾಗವಾಗುವಿಕೆಯನ್ನು ೨೦೦೭ರಲ್ಲಿ ಟೇಟಾ, ಕುಶ್ನರ್ ಮೊದಲಾದವರು ಕ್ರೀಯ ಸಹಾಯವಿಲ್ಲದೆಯೇ, ವಿಭಜನಕಾಲದಲ್ಲಿ ಡಿಎನ್‌ಎಯನ್ನು ಸೇರುವ ದ್ರವ್ಯಗಳ ಮೂಲಕ ಸಮರ್ಥಿಸಿದರು. ಸಂಶಯಕ್ಕೆ ಗುರಿಯಾಗಬೇಕಾದುವು, ಇನ್ಸುಲಿನ್ನಿನ ಸ್ರಾವದಲ್ಲಿ ಸ್ವಲ್ಪ ಹೆಚ್ಚುಕಡಿಮೆಯನ್ನು ಕಂಡು, ಕ್ರೀ ಮಾತ್ರವಿರುವ ಇಲಿಯ ಹೋಲಿಕೆಯಿಲ್ಲದೆ, ಅದನ್ನು ಒಂದು ವಂಶವಾಹಿಗೆ ಆರೋಪಿಸಿದ ಲೇಖನಗಳು.

ಕಾಲವನ್ನು ನಿಯಮಿಸುವ ಉಪಾಯಕ್ಕೂ ಪರೀಕ್ಷೆಯು ತಪ್ಪಲಿಲ್ಲ. ಟಮಾಕ್ಸಿಫೆನ್ನನ್ನು ಕೊಟ್ಟು ನಿಲ್ಲಿಸಿದ ಮೇಲೂ ದ್ವೀಪಗಳಲ್ಲಿ ಕ್ರೀಯ ವ್ಯಾಪಾರವು ವಾರಗಟ್ಟಲೆ ನಡೆಯುತ್ತಿರುವುದೆಂದು ೨೦೧೨ರಲ್ಲಿ ತಿಳಿಯಿತು. ಇಲಿಯ ಇನ್ಸುಲಿನ್ ಪ್ರವರ್ತಕವನ್ನೇ ಉಪಯೋಗಿಸಿ ಷಿಕಾಗೋದಲ್ಲಿ ಸಿದ್ಧಪಡಿಸಿದ, ಟಮಾಕ್ಸಿಫೆನ್ನಿಗೆ ಅಧೀನವಾದ ವಂಶವು ಮಿದುಳಿನ ಅತಿವ್ಯಾಪ್ತಿಯಿಂದ ಪಾರಾಗಿತ್ತು. ಆದರೆ ಅದರಲ್ಲಿಯೂ ಮಾನವ ಹಾರ್ಮೋನು ಇರುವುದು ೨೦೧೫ರಲ್ಲಿ ವರದಿಯಾಯಿತು.

ಅದೇ ೨೦೧೫ರಲ್ಲಿ ಸ್ವಿಟ್ಸರ್ಲೆಂಡಿನ ಲೋಸಾನ್ ನಗರದ ಬರ್ನಾರ್ ತೊರಾನ್ಸ್ ಮೊದಲಾದವರು ಬೇರೊಂದು ಮಾರ್ಗವನ್ನು ಹಿಡಿದರು. ಇಲಿಗೆ ಇನ್ಸುಲಿನ್ನಿನ ವಂಶವಾಹಿಗಳು ಎರಡುಂಟು. ಒಂದು ಹೋದರೂ ಮತ್ತೊಂದು ಕೊರತೆಯನ್ನು ತುಂಬಿಕೊಡುತ್ತದೆ. ಪ್ರವರ್ತಕದ ತುಂಡನ್ನು ಎಲ್ಲಿಯೋ ಸೇರಿಸುವುದಕ್ಕೆ ಬದಲಾಗಿ, ಮೊದಲನೆಯ ಇನ್ಸುಲಿನ್ ವಂಶವಾಹಿಯ ಸ್ವಸ್ಥಾನದಲ್ಲಿಯೇ ಅವರು ಕ್ರೀಯನ್ನು ನೆಲೆಗೊಳಿಸಿದರು. ಮಿದುಳಿನಲ್ಲಿ ಅದು ಪ್ರಕಟವಾಗಲಿಲ್ಲ. ಇಲಿಗಳು ಸಕ್ಕರೆಯನ್ನು ಸಹಜವಾಗಿ ನಿರ್ವಹಿಸಿದುವು. ಅತಿವ್ಯಾಪ್ತಿಯು ಹೀಗೆ ನಿವಾರಿತವಾಯಿತು. ಆದರೆ ೨೦೨೦ರಲ್ಲಿ ಪ್ರಕಟವಾದ ಇನ್ನೊಂದು ಶೋಧನೆಯಿಂದ, ಕೆಲವು ಸಾಕಣೆಗಳಲ್ಲಿ ಈ ನೆಲೆಯೇ ಡಿಎನ್‌ಎಯ ಮೇಲೆ ಕೂಡುವ ಮಿಥೈಲ್ ಅಂಶಗಳಿಂದ ಮುಚ್ಚಿಹೋಗಿ, ಕ್ರೀಯು ಅನೇಕ ಬೀಟಾ ಜೀವಕೋಶಗಳಲ್ಲಿ ಮೌನವಾಗುವುದೆಂದು ತಿಳಿದುಬಂದಿತು. ಅತಿವ್ಯಾಪ್ತಿಯು ಹೋದೆಡೆಯಲ್ಲಿ ಅವ್ಯಾಪ್ತಿಯು ಬಂದಿತು. ಆದುದರಿಂದ ಈ ವಂಶವನ್ನು ಸಾಕುವವರು, ತಮ್ಮಲ್ಲಿರುವ ಇಲಿಗಳಲ್ಲಿ ಕ್ರೀಯು ಎಷ್ಟು ಪಾಲು ಜೀವಕೋಶಗಳಲ್ಲಿ ನಿಜವಾಗಿ ಕೆಲಸಮಾಡಿದೆಯೆಂಬುದನ್ನು ಮುದ್ರೆಯ ಇಲಿಗಳೊಡನೆ ಕೂಡಿಸಿ ಎಣಿಸಿ ನೋಡಬೇಕಾಗಿದೆ.